ಬೆಟ್ಟವಿಲ್ಲದ ಕೋಟೆ, ಬಿಳಿ ಕುದುರೆ

ಉದಗೀರನ್ನು ನಾನು ಮೊದಲು ನೋಡಿದ್ದು ಟೀವಿಯಲ್ಲಿ. ಆಗಿನ್ನೂ ನನ್ನ ಮದುವೆಯಾಗಿರಲಿಲ್ಲ, ಭಾಲ್ಕಿಯ ತವರಿನಲ್ಲಿದ್ದೆ. ಪಕ್ಕದ ಮನೆಯವರು ಮರಾಠಿ ಮಾತಾಡುವವರು. ಪೇಶವೆಯರ ಕಾಲದ ಧಾರಾವಾಹಿಯೊಂದನ್ನು ಅವರು ತಪ್ಪದೆ ನೋಡುತ್ತಿದ್ದರು, ಅವರ ಜೊತೆ ಅವ್ವನೂ ನಾನೂ ಹೋಗಿ ಕೂರುತ್ತಿದ್ದೆವು. ಒಂದು ಸಂಜೆ ಅದರಲ್ಲಿ ಉದಗೀರದ ಯುದ್ಧ ಬಂತು. ಮಂಜು ಕವಿದ ದೊಡ್ಡ ಬೆಟ್ಟ, ಬೆಟ್ಟದ ನೆತ್ತಿಯ ಮೇಲೆ ಕೋಟೆ, ಕೋಟೆಗೆ ಸುತ್ತಿ ಸುತ್ತಿ ಏರುವ ದಾರಿ, ದಾರಿ ತುಂಬ ಕುದುರೆಗಳು. ಅದಾದ ಸ್ವಲ್ಪ ಕಾಲಕ್ಕೆ ನನಗೆ ಉದಗೀರದ ಗಂಡು ಗೊತ್ತಾಯಿತು. ದಿನಾ ಬೆಟ್ಟ ಹತ್ತಿ ಇಳಿಯಬೇಕು, ಈಗಲೇ ಮೊಣಕಾಲು ಗಟ್ಟಿ ಮಾಡಿಕೋ ಎಂದು ಗೆಳತಿಯರು ಛೇಡಿಸಿದರು. ಊರಿನ ಹೆಸರಿನ ಕೊನೆಗೆ ಗಿರಿಯಂಥದೇನೋ ಕೇಳಿಸುತ್ತದಲ್ಲ, ನಾನೂ ನಂಬಿಕೊಂಡೇ ಹೊರಟೆ.

ಕಮಲನಗರ ದಾಟಿ ಬಸ್ಸು ಮಹಾರಾಷ್ಟ್ರದೊಳಗೆ ಬಂದ ಮೇಲೆ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಕರಿ ಮಣ್ಣು, ತೊಗರಿ, ಸೋಯಾ, ಮತ್ತೆ ಕರಿ ಮಣ್ಣು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಬೆಟ್ಟ ಎಲ್ಲಿದೆ ಎಂದು ಗಂಡನನ್ನು ಕೇಳಿದೆ. ಹೊಸ ಹೆಂಡತಿ ತಮಾಷೆ ಮಾಡುತ್ತಿದ್ದಾಳೆಂದು ಆತ ಸುಮ್ಮನೆ ನಕ್ಕ.

ಕೋಟೆಯನ್ನು ಅಲ್ಲಿಯವರು ಕಿಲ್ಲಾ ಅನ್ನುತ್ತಾರೆ. ಅದು ಊರಿಗೆ ಅಂಟಿಕೊಂಡೇ ಇದೆ. ಸಂದಿಗೊಂದಿ, ತರಕಾರಿ ಗಾಡಿ, ಒಣಹಾಕಿದ ಬಟ್ಟೆ ಎಲ್ಲ ದಾಟಿ ಸಮತಟ್ಟಾದ ನೆಲದ ಮೇಲೆ ನಡೆದುಕೊಂಡು ಹೋದರೆ ಎದುರಿಗೆ ಬಾಗಿಲು ಬಂದುಬಿಡುತ್ತದೆ. ಗೋಡೆಯ ಸುತ್ತ ಆಳವಾದ ಖಂದಕ, ಅದರಲ್ಲಿ ನೀರಿಲ್ಲ, ಹುಲ್ಲು. ಹಿಂಭಾಗದಲ್ಲಿ ಮಾತ್ರ ನೆಲ ಇಳಿಜಾರಾಗಿ ಕೆಳಗೆ ಹೋಗುತ್ತದೆ. ಒಳಗೆ ಅರ್ಧ ಬಿದ್ದ ಮಹಲುಗಳು, ಕಮಾನುಗಳ ಮೇಲೆ ಫಾರ್ಸಿ ಅಕ್ಷರ, ಊರಿಗೆ ಹೆಸರು ಕೊಟ್ಟನೆನ್ನುವ ಸಾಧುವಿನ ತಣ್ಣನೆಯ ಸಮಾಧಿ. ಗಂಡ ಮೊದಲ ಸಲ ಕರೆದುಕೊಂಡು ಹೋದಾಗ ನನಗೆ ಮೋಸ ಹೋದಂತಾಯಿತು. ಅದಕ್ಕಿಂತ ಹೆಚ್ಚಾಗಿ ಸೋಜಿಗವಾಯಿತು. ಇಲ್ಲದ ಬೆಟ್ಟವೊಂದನ್ನು ನಾನು ಅಷ್ಟು ಸ್ಪಷ್ಟವಾಗಿ ಹೇಗೆ ಇಟ್ಟುಕೊಂಡಿದ್ದೆ? ಅದರ ದಾರಿ ಎಲ್ಲೆಲ್ಲಿ ತಿರುಗುತ್ತದೆ ಎಂದು ಬರೆದು ತೋರಿಸಬಲ್ಲವಳಾಗಿದ್ದೆ.

ಫೋನಿನಲ್ಲಿ ಅವ್ವನಿಗೆ ಬೆಟ್ಟವಿಲ್ಲ ಎಂದು ಹೇಳಿದೆ. ಅವ್ವ ಒಪ್ಪಲಿಲ್ಲ. ನೀನಿನ್ನೂ ಊರು ಪೂರ್ತಿ ತಿರುಗಿರಲಿಕ್ಕಿಲ್ಲ, ನಾವು ಕಣ್ಣಾರೆ ನೋಡಿದ್ದೇವಲ್ಲ ಎಂದಳು.

ಅಂದಿನಿಂದ ಜನ ಕೋಟೆಯ ಬಗ್ಗೆ ಏನು ಹೇಳಿದರೂ, ಇವರು ಇದನ್ನು ಎಲ್ಲಿ ನೋಡಿರಬಹುದು ಎಂದು ಯೋಚಿಸುವ ಚಟ ನನಗೆ ಹತ್ತಿತು. ಉಮರಗಾದಲ್ಲಿ ಗಂಡನ ಸೋದರತ್ತೆಯ ಮನೆ. ಅಲ್ಲಿ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋದಾಗ ಎಲ್ಲರ ಫೋನಿನಲ್ಲೂ ಒಂದು ವಿಡಿಯೋ ಓಡುತ್ತಿತ್ತು. ಉದಗೀರದ ಕಿಲ್ಲಾದಿಂದ ಬೀದರಿನ ಕೋಟೆಗೆ ಸುರಂಗವಿದೆ, ಕುದುರೆ ಓಡುವಷ್ಟು ಅಗಲ ಎಂದು ಗಡಸು ದನಿಯೊಂದು ಹೇಳುತ್ತಿತ್ತು. ತೋರಿಸಿದ್ದ ಸುರಂಗ ಯಾವ ದೇಶದ್ದೋ. ಊಟಕ್ಕೆ ಕೂತಾಗ ಸೋದರತ್ತೆಯ ಗಂಡ, ಹುಡುಗನಾಗಿದ್ದಾಗ ತಾನೇ ಆ ಸುರಂಗದಲ್ಲಿ ಕಂದೀಲು ಹಿಡಿದು ಸ್ವಲ್ಪ ದೂರ ಹೋಗಿದ್ದಾಗಿ ಹೇಳಿದರು. ಒಳಗೆ ಬಾವಲಿಗಳಿದ್ದವಂತೆ, ಕಂದೀಲು ಆರಿತಂತೆ. ಬಡಿಸುತ್ತಿದ್ದ ಅವರ ಹೆಂಡತಿ ನಿಂತು ಕೇಳಿ, ಇವರು ಮದುವೆಗೆ ಮುಂಚೆ ಉದಗೀರಿಗೆ ಕಾಲಿಟ್ಟವರೇ ಅಲ್ಲ ಎಂದರು. ಮಾವನವರು ಒಂದು ಗಳಿಗೆ ತಬ್ಬಿಬ್ಬಾದರು. ಅವರ ಮುಖ ನೋಡಿದ ನನಗೆ ಅವರು ಸುಳ್ಳು ಹೇಳಿದರು ಅನ್ನಿಸಲಿಲ್ಲ. ಕಂದೀಲು ಆರಿದ್ದು ಅವರಿಗೆ ನಿಜವಾಗಿಯೂ ನೆನಪಿತ್ತು. ಯಾವ ಕಂದೀಲು, ಯಾವ ಕತ್ತಲೆ ಎಂಬುದಷ್ಟೇ ಗೊತ್ತಿರಲಿಲ್ಲ.

ನನ್ನ ಮೈದುನ ಮದುವೆ ವಿಡಿಯೋ ಮಾಡುವವನು. ಗಂಡನದು ದನದ ಔಷಧಿಯ ಅಂಗಡಿ. ದೇವಣಿ ಕಡೆಯ ರೈತರು ತಮ್ಮ ಎತ್ತುಗಳ ಕಾಯಿಲೆ ಹೇಳಿಕೊಂಡು ಬರುವ ಆ ಅಂಗಡಿಯ ಅಟ್ಟದ ಮೇಲೆಯೇ ಮೈದುನನ ಸ್ಟುಡಿಯೋ. ಅವನು ಡ್ರೋನ್ ತಂದ ಹೊಸದರಲ್ಲಿ ಕಿಲ್ಲಾದ ರೀಲ್ ಒಂದನ್ನು ಮಾಡಿದ. ಕೋಟೆಯ ಹಿಂದಿನ ಇಳಿಜಾರಿಗೆ ಹೋಗಿ, ಬೆಳಗಿನ ಮಂಜಿನಲ್ಲಿ ಡ್ರೋನನ್ನು ನೆಲಕ್ಕೆ ತಾಗುವಷ್ಟು ಕೆಳಗಿನಿಂದ ಎಬ್ಬಿಸಿ ತೆಗೆದಿದ್ದ. ಆ ಒಂದು ಕೋನದಿಂದ ಗೋಡೆ ಆಕಾಶದಲ್ಲಿ ನಿಂತಂತೆ ಕಾಣುತ್ತಿತ್ತು. ಕರೆಂಟಿನ ತಂತಿ, ಮನೆಗಳು, ನೀರಿನ ಟಾಕಿ, ಮೇಯುತ್ತಿದ್ದ ಕುರಿಗಳು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಅಳಿಸಿ, ಹಿಂದೆ ಯುದ್ಧದ ನಗಾರಿ ಹಾಕಿದ. ನೋಡಿದರೆ ನನ್ನ ಮದುವೆಯ ಮುಂಚಿನ ಬೆಟ್ಟವೇ ಅದು.

ರೀಲು ಹಬ್ಬಿತು. ನಿಲಂಗಾದಿಂದ, ಲಾತೂರಿನಿಂದ ಜನ ಜೀಪು ಮಾಡಿಕೊಂಡು ಬರತೊಡಗಿದರು. ಬಂದವರು ಬಾಗಿಲ ಮುಂದೆ ನಿಂತು, ಕಿಲ್ಲಾ ಎಲ್ಲಿ ಎಂದು ಕಬ್ಬಿನಹಾಲಿನವನನ್ನು ಕೇಳುತ್ತಿದ್ದರು. ಅವನು ಬುದ್ಧಿವಂತ. ರೀಲಿನ ಚಿತ್ರವನ್ನೇ ದೊಡ್ಡ ಬ್ಯಾನರು ಮಾಡಿಸಿ ಗಾಡಿಗೆ ಕಟ್ಟಿದ. ಬಂದವರಲ್ಲಿ ಬಹಳ ಜನ ಹಿಂದಿನ ನಿಜವಾದ ಗೋಡೆಗೆ ಬೆನ್ನು ಹಾಕಿ, ಬ್ಯಾನರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ನಾನು ತರಕಾರಿಗೆ ಹೋದವಳು ಇದನ್ನು ನೋಡುತ್ತ ಎಷ್ಟೋ ಹೊತ್ತು ನಿಂತಿದ್ದುಂಟು.

ನಮ್ಮ ಅತ್ತೆಗೆ ಮಾತ್ರ ಆ ರೀಲು ಮೆಚ್ಚುಗೆಯಾಗಲಿಲ್ಲ. ಅವರು ಹುಟ್ಟಿದ್ದು ಕಿಲ್ಲಾದ ಪಕ್ಕದ ಓಣಿಯಲ್ಲಿ. ತವರಿನವರು ಬೀರಪ್ಪನ ಒಕ್ಕಲು, ಕುರಿ ಸಾಕುವವರು. ಮನೆಯೊಳಗೆ ಕನ್ನಡ, ಹೊರಗೆ ಮರಾಠಿ, ಅಂಗಡಿಯಲ್ಲಿ ಉರ್ದು ಆಡಿ ಬೆಳೆದವರು. ಎರಡು ಸಲ ನೋಡಿ ಫೋನನ್ನು ಮಗನ ಕೈಗೆ ಕೊಟ್ಟು, "ಕುರಿ ಯಾಕ ಅಳಿಸಿದಿ? ಕಿಲ್ಲಾದಾಗ ಕುರಿ ಇಲ್ಲದ ದಿನ ನಾ ಒಂದೂ ನೋಡಿಲ್ಲ" ಎಂದರು.

ಆ ಮಾತು ನನ್ನ ತಲೆ ಹೊಕ್ಕಿತು. ರೊಟ್ಟಿ ಬಡಿಯುವಾಗ ಅತ್ತೆ ನನಗೆ ಕಿಲ್ಲಾದ ಎಷ್ಟೋ ಸಂಗತಿ ಹೇಳಿದ್ದರು. ಖಂದಕದ ಯಾವ ಮೂಲೆಯಲ್ಲಿ ಬೇಸಿಗೆಯಲ್ಲೂ ಹಸಿ ಹುಲ್ಲು ಸಿಗುತ್ತಿತ್ತು, ಬುರುಜಿನ ಕಾದ ಕಲ್ಲಿನ ಮೇಲೆ ಹೆಂಗಸರು ಹೇಗೆ ಹಪ್ಪಳ ಒಣಗಿಸುತ್ತಿದ್ದರು, ತಪ್ಪಿಸಿಕೊಂಡ ಮರಿಯೊಂದು ದರ್ಬಾರಿನ ಕಟ್ಟೆಯ ಮೇಲೆ ಹತ್ತಿ ಇಳಿಯಲಾರದೆ ಹೇಗೆ ಒದರುತ್ತಿತ್ತು. ಇದನ್ನೆಲ್ಲ ಅತ್ತೆಯ ಬಾಯಲ್ಲೇ ಹೇಳಿಸಿ ವಿಡಿಯೋ ಮಾಡು ಎಂದು ಮೈದುನನಿಗೆ ಹೇಳಿದೆ. ಇದನ್ನೆಲ್ಲ ಯಾರು ನೋಡುತ್ತಾರೆ ಎಂದು ಅವನು ಮೊದಲು ಗೊಣಗಿದ, ಆಮೇಲೆ ಒಪ್ಪಿದ.

ಒಂದು ಮುಂಜಾನೆ ಮೂವರೂ ಖಂದಕಕ್ಕೆ ಇಳಿದೆವು. ಅತ್ತೆ ಇಳಕಲ್ಲು ಸೀರೆ ಉಟ್ಟಿದ್ದರು. ಕಲ್ಲಿನ ಮೇಲೆ ಕೂತು, ಸೆರಗು ಸರಿಪಡಿಸಿಕೊಂಡು, ಮೈಕು ಸಿಕ್ಕಿಸಿಕೊಂಡ ಮೇಲೆ ಅವರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಮೈದುನ ಸನ್ನೆ ಮಾಡಿದ. ಅತ್ತೆ ಶುರುಮಾಡಿದ್ದು ಮರಾಠಿಯಲ್ಲಿ. ಅದೂ ಓಣಿಯ ಮರಾಠಿಯಲ್ಲ, ಟೀವಿಯ ಮರಾಠಿ. ಇಲ್ಲಿ ಫೌಜು ಬಂದಿತ್ತು, ತೋಪಿನ ಗುಂಡು ಆ ಗೋಡೆಗೆ ಬಡಿದಿತ್ತು, ಸುರಂಗದಲ್ಲಿ ರಾಣಿಯರು ಬೀದರಿಗೆ ಹೋದರು ಎಂದೆಲ್ಲ ಹೇಳಿದರು. ಹುಲ್ಲಿಲ್ಲ, ಹಪ್ಪಳವಿಲ್ಲ, ಕುರಿಯ ಮಾತೇ ಇಲ್ಲ. ನಾನೂ ಮೈದುನನೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಅವರು ಖಂದಕದ ಒಂದು ಬೇವಿನ ಗಿಡದ ಕಡೆ ಕೈ ತೋರಿಸಿ, ಅಲ್ಲಿ ರಾಜನ ಬಿಳಿ ಕುದುರೆ ಕಟ್ಟಿರುತ್ತಿತ್ತು, ನಾನೇ ನೋಡಿದ್ದೇನೆ ಎಂದರು.

ಮನೆಗೆ ಬಂದು ಚಹಾ ಕುಡಿಯುವಾಗ, ಅತ್ತೀ, ನೀವು ಹೇಳುತ್ತಿದ್ದ ಹುಲ್ಲಿನ ಕತೆ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದೆ. ಅವರು ಬಸಿಯಲ್ಲಿ ಚಹಾ ಆರಿಸುತ್ತ ಏನೂ ತಿಳಿಯದವಳೆಂಬಂತೆ ನನ್ನನ್ನು ನೋಡಿದರು.

"ಹುಲ್ಲಿನ ಕತಿ ಯಾರ್ ಕೇಳ್ತಾರವ್ವಾ. ಮಂದಿ ಯುದ್ಧ ನೋಡ್ಲಿಕ್ಕ ಬರ್ತಾರ. ಆದ್ರ ಕುದುರಿ ಮಾತು ಸುಳ್ಳಲ್ಲ. ಕುದುರಿ ನಾ ಖರೇನ ನೋಡೀನಿ."

ಹಾಗಾದರೆ ಅತ್ತೆಗೆ ಎರಡು ಕಿಲ್ಲಾಗಳಿದ್ದವು, ಒಂದು ತಮ್ಮದು, ಇನ್ನೊಂದು ಮಂದಿಗೆ ತೋರಿಸುವುದು. ಅಲ್ಲಿಯವರೆಗೆ ನನಗೆ ಅರ್ಥವಾಯಿತು. ಆದರೆ ಕುದುರೆ ಯಾವ ಕಿಲ್ಲಾದ್ದು? ಯುದ್ಧ ನಡೆದು ಎಷ್ಟೋ ತಲೆಮಾರು ಕಳೆದಿವೆ. ಅತ್ತೆ ಹುಟ್ಟುವ ಹೊತ್ತಿಗೆ ನಿಜಾಮರ ಕಾಲವೂ ಮುಗಿದಿತ್ತು. ಧಾರಾವಾಹಿಯ ಕುದುರೆಯೇ ಅವರ ಬಾಲ್ಯದೊಳಗೆ ನುಗ್ಗಿದೆ, ಉಮರಗಾದ ಮಾವನವರ ಕಂದೀಲಿನ ಹಾಗೆ, ಎಂದು ನಾನು ತೀರ್ಮಾನಿಸಿಬಿಟ್ಟೆ. ಮೈದುನನಿಗೂ ಹಾಗೇ ಅನ್ನಿಸಿತು. ಆ ವಿಡಿಯೋವನ್ನು ಅವನು ಹಾಕಲಿಲ್ಲ. ತನ್ನ ಅವ್ವನನ್ನು ನೋಡಿ ಜನ ನಗುತ್ತಾರೆ ಎಂಬ ಅಂಜಿಕೆ.

ಮುಂದಿನ ತಿಂಗಳು ವಲಾಂಡಿಯಲ್ಲಿ ಅತ್ತೆಯ ಅಕ್ಕನ ಮನೆಯಲ್ಲಿ ಬೀರಪ್ಪನ ಪೂಜೆಯಿತ್ತು. ಡೊಳ್ಳು ನಿಂತು, ಊಟವಾಗಿ, ಗಂಡಸರು ಹೊರಗೆ ಕೂತ ಮೇಲೆ ನಾವು ಹೆಂಗಸರು ಪಡಸಾಲೆಯಲ್ಲಿ ಕಾಲು ಚಾಚಿದೆವು. ಮೈದುನನ ಫೋನಿನಲ್ಲಿದ್ದ ಆ ವಿಡಿಯೋವನ್ನು ಅತ್ತೆಯೇ ಹಟ ಹಿಡಿದು ಅಕ್ಕನಿಗೆ ತೋರಿಸಿದರು. ದೊಡ್ಡತ್ತೆ ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದರು. ತೋಪು, ರಾಣಿ, ಸುರಂಗ ಯಾವುದಕ್ಕೂ ಏನೂ ಅನ್ನಲಿಲ್ಲ. ಕುದುರೆಯ ಮಾತು ಬಂದಾಗ ಮಾತ್ರ ತಂಗಿಯ ಕಡೆ ತಿರುಗಿದರು.

"ರಾಜಾನ ಕುದುರಿ ಎಲ್ಲಿಂದ ಬರಬೇಕ? ಅದು ವರಾತಿ ಕುದುರಿ. ಮದುಮಕ್ಕಳನ್ನ ಕೂಡಿಸಿ ಮೆರಸ್ತಿದ್ದರಲ್ಲ, ಅದು. ಅದನ್ನ ಸಾಕಿದ್ದ ಸಾಹೇಬ ದಿನಾ ತಂದು ಬೇವಿನ ಗಿಡಕ್ಕ ಕಟ್ಟತಿದ್ದ. ಮರ್ತೀಯೇನು, ನೀ ಕಣಕಿ ತಿನಿಸ್ಲಿಕ್ಕ ಹೋಗಿ ಬೆರಳ ಕಚ್ಚಿಸ್ಕೊಂಡಿದ್ದಿ."

ಅತ್ತೆ ತಮ್ಮ ಬಲಗೈಯ ತೋರುಬೆರಳನ್ನು ಮುಂದೆ ಹಿಡಿದು ನೋಡಿಕೊಂಡರು. ಅಲ್ಲಿ ಸಣ್ಣದೊಂದು ಕಲೆ ಇತ್ತು. ಅದು ಕುಡುಗೋಲಿನದೆಂದು ನಾನು ಇಷ್ಟು ವರ್ಷ ತಿಳಿದಿದ್ದೆ, ಅವರೂ ಹಾಗೇ ತಿಳಿದಿದ್ದರೋ ಏನೋ. ಆಮೇಲೆ ನಗತೊಡಗಿದರು. ನಗು ನಿಲ್ಲಲೇ ಇಲ್ಲ. ಕಣ್ಣೀರು ಒರೆಸಿಕೊಂಡು, ಅಂದರೆ ಕುದುರೆ ಇತ್ತಲ್ಲ, ಯಾರದಾದರೇನು ಎಂದು ನನ್ನ ತೊಡೆಗೆ ಒಂದು ಏಟು ಕೊಟ್ಟರು.

ನಾನು ನಗಲಿಲ್ಲ. ತೀರ್ಮಾನ ತಪ್ಪಾದ ಖುಷಿ ಎಂಬುದೊಂದಿದೆ, ಅದರಲ್ಲಿದ್ದೆ. ಕುದುರೆ ನಿಜ, ಗಿಡ ನಿಜ, ಕಚ್ಚಿದ್ದೂ ನಿಜ. ಧಾರಾವಾಹಿ ಬಂದು ಮಾಡಿದ್ದು ಇಷ್ಟೇ, ಅದರ ಮೇಲೆ ಒಬ್ಬ ರಾಜನನ್ನು ಕೂರಿಸಿತ್ತು. ಇನ್ನೂ ಯೋಚಿಸಿದರೆ, ಆ ವರಾತಿ ಕುದುರೆಯೂ ಬೆನ್ನಿಗೆ ಬಣ್ಣದ ಬಟ್ಟೆಯ ಜೂಲು ಹೊದ್ದು, ಗೊಂಡೆ ಕಟ್ಟಿಸಿಕೊಂಡು ರಾಜನ ಕುದುರೆಯ ವೇಷವನ್ನೇ ಹಾಕುತ್ತಿದ್ದದ್ದಲ್ಲವೆ? ಆಗ ಟೀವಿ ಇರಲಿಲ್ಲ. ಓಣಿಯ ಮಕ್ಕಳಿಗೆ ಮದುವೆಯ ಮೆರವಣಿಗೆಯೇ ಟೀವಿ.

ನಗು ಕೇಳಿ ಒಳಗೆ ಬಂದ ಮೈದುನ ಅಲ್ಲಿಯೇ ಫೋನಿನ ಕ್ಯಾಮೆರಾ ಹಚ್ಚಿ ನಿಲ್ಲಿಸಿ ಅಕ್ಕತಂಗಿಯರನ್ನು ಮಾತಿಗೆ ಬಿಟ್ಟ. ಈ ಸಲ ಮೈಕಿಲ್ಲ, ಇಳಕಲ್ಲು ಸೀರೆಯಿಲ್ಲ. ಇಬ್ಬರೂ ಕನ್ನಡದಲ್ಲಿ, ಒಬ್ಬರ ಮಾತನ್ನು ಇನ್ನೊಬ್ಬರು ಕಡಿಯುತ್ತ, ಹುಲ್ಲು, ಹಪ್ಪಳ, ಕುದುರೆ, ಕುದುರೆಯ ಯಜಮಾನ ಎಲ್ಲವನ್ನೂ ಹೇಳಿದರು. ಯಜಮಾನ ಲಗಾಮು ಹಿಡಿಯುತ್ತಲೇ ಇರಲಿಲ್ಲವಂತೆ, ಮುಂದೆ ನಡೆದರೆ ಕುದುರೆ ತಾನಾಗಿ ಹಿಂದೆ ಬರುತ್ತಿತ್ತಂತೆ. ಕೆಳಗೆ ಮರಾಠಿಯಲ್ಲಿ ಅಕ್ಷರ ಓಡಿಸಿ ಮೈದುನ ಅದನ್ನು ಹಾಕಿದ. ನಗಾರಿಯ ರೀಲನ್ನು ನೋಡಿದವರ ಮುಂದೆ ಇದನ್ನು ನೋಡಿದವರು ಏನೇನೂ ಅಲ್ಲ. ಅವನಿಗೆ ಬೇಸರವಾಯಿತು, ನಾನು ಹೇಳಿದ್ದೆನಲ್ಲ ವೈನಿ ಎಂದು ಅಟ್ಟ ಹತ್ತಿ ಹೋದ.

ಕೆಲವು ವಾರಗಳ ನಂತರ ಅವನ ಸ್ಟುಡಿಯೋದ ನಂಬರಿಗೆ ನಿಲಂಗಾದಿಂದ ಒಬ್ಬ ಹೆಂಗಸು ಫೋನು ಮಾಡಿದರು. ಬಳೆ ಅಂಗಡಿ ಇಟ್ಟುಕೊಂಡವರು. ವಿಡಿಯೋವನ್ನು ಅಂಗಡಿಗೆ ಬಂದ ಗಿರಾಕಿಯೊಬ್ಬಳು ತೋರಿಸಿದಳಂತೆ. ಲಗಾಮಿಲ್ಲದೆ ಹಿಂದೆ ಬರುತ್ತಿದ್ದ ಆ ಕುದುರೆಯ ಮಾತನ್ನು ನನ್ನ ತಾಯಿಯೂ ಹೇಳುತ್ತಿದ್ದರು, ಅದು ನನ್ನ ಅಬ್ಬಾನದು ಎಂದರು. ಬರಬಹುದೇ ಎಂದು ಕೇಳಿದರು. ಅತ್ತೆ ಪಕ್ಕದಲ್ಲೇ ಇದ್ದರು, ಮಗ ಕೇಳುವ ಮುಂಚೆಯೇ, ಊಟಕ್ಕೆ ಬರಲಿ ಎಂದರು.

ಅವರು ಬಸ್ಸಿನಲ್ಲಿ ಒಬ್ಬರೇ ಬಂದರು. ಐವತ್ತು ದಾಟಿದ, ಮೃದುವಾಗಿ ಮಾತಾಡುವ ಹೆಂಗಸು. ಅತ್ತೆಗೂ ನನಗೂ ಹಸಿರು ಬಳೆ ತಂದಿದ್ದರು. ಅವರ ತಾಯಿ ಆಳಂದ ಕಡೆಯವರಾದ್ದರಿಂದ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ತಾವು ಕೈಕೂಸಾಗಿದ್ದಾಗಲೇ ತಂದೆ ತೀರಿಕೊಂಡರಂತೆ. ಕುದುರೆ ಮಾರಿ ತಾಯಿ ನಿಲಂಗಾಕ್ಕೆ ಬಂದು ನೆಲೆಸಿದರಂತೆ. ತಂದೆಯದೊಂದು ಫೋಟೋ ಕೂಡ ಇಲ್ಲ. "ಅಬ್ಬಾ ನಡೀತಿದ್ದದ್ದು ನೋಡಿದವರು ಅಂತ ನನಗ ಇಷ್ಟು ದಿನ ಯಾರೂ ಸಿಕ್ಕಿರ್ಲಿಲ್ಲರೀ" ಎಂದರು.

ಊಟವಾದ ಮೇಲೆ ಎಲ್ಲರೂ ಖಂದಕಕ್ಕೆ ಹೋದೆವು. ಮೈದುನ ಕ್ಯಾಮೆರಾ ತೆಗೆಯಲಿಲ್ಲ, ತೆಗೆ ಎಂದು ನಾನೂ ಹೇಳಲಿಲ್ಲ. ಅತ್ತೆ ಆಕೆಯ ಕೈ ಹಿಡಿದು ಬೇವಿನ ಗಿಡದ ಬುಡಕ್ಕೆ ಕರೆದೊಯ್ದರು. ತಂದೆ ಹೇಗೆ ಬರುತ್ತಿದ್ದರು, ಎಲ್ಲಿ ಕೂತು ಬೀಡಿ ಸೇದುತ್ತಿದ್ದರು, ಯಾವ ಕಡೆ ಮುಖ ಮಾಡಿ ಕುದುರೆಯ ಮೈ ತಿಕ್ಕುತ್ತಿದ್ದರು ಎಲ್ಲ ತೋರಿಸಿದರು. ಕಾಲು ತುಸು ಒಳಕ್ಕೆ ಹಾಕಿ ನಡೆಯುತ್ತಿದ್ದರು ಎಂದು ಸ್ವತಃ ನಾಕು ಹೆಜ್ಜೆ ನಡೆದೇ ತೋರಿಸಿದರು. ಆ ಹೆಂಗಸು ತಮ್ಮ ಚಪ್ಪಲಿಯ ಕಡೆ ನೋಡಿಕೊಂಡರು. ತಮ್ಮ ದೊಡ್ಡ ಮಗ ಹಾಗೇ ನಡೆಯುತ್ತಾನೆ ಎಂದರು.

ಜಗಳವಾದದ್ದು ಬಣ್ಣದ ವಿಷಯಕ್ಕೆ. ಅತ್ತೆ ಹಾಲಿನಂಥ ಬಿಳಿ ಕುದುರೆ ಎಂದಾಗ ಆಕೆ ತಲೆಯೆತ್ತಿ, ಬಿಳಿ ಅಲ್ಲ, ಕಂದು ಎಂದರು. ಅಮ್ಮಿ ಯಾವಾಗಲೂ ಕಂದು ಕುದುರೆ, ಹಣೆಯಲ್ಲಿ ಒಂದು ಚುಕ್ಕೆ ಎಂದೇ ಹೇಳುತ್ತಿದ್ದರಂತೆ. ಅತ್ತೆ ಸೋಲುವವರಲ್ಲ. ನನ್ನ ಬೆರಳು ಕಚ್ಚಿದ ಕುದುರೆಯ ಬಣ್ಣ ನನಗೆ ಗೊತ್ತಿಲ್ಲವೇ ಎಂದರು. ಆಕೆಯೂ ಬಿಡಲಿಲ್ಲ, ಅದಕ್ಕೆ ಹುಲ್ಲು ಹಾಕಿದವರು ಅಮ್ಮಿ ಎಂದರು. ಇಬ್ಬರೂ ಅರ್ಧ ನಗುತ್ತ ಅರ್ಧ ಸಿಟ್ಟಿನಲ್ಲಿ ಎಷ್ಟೋ ಹೊತ್ತು ವಾದಿಸಿದರು. ವಲಾಂಡಿಗೆ ಫೋನು ಹಚ್ಚಿ ದೊಡ್ಡತ್ತೆಯನ್ನು ಕೇಳಿದರೆ ಅವರಿಗೆ ಬಣ್ಣವೇ ನೆನಪಿಲ್ಲ. ಜೂಲು ಕೆಂಪಗಿತ್ತು ಎಂದಷ್ಟೇ ಹೇಳಿದರು. ಅತ್ತೆಯ ಬಿಳಿ ಧಾರಾವಾಹಿಯಿಂದ ಬಂದದ್ದೇ ಇರಬಹುದು. ಆಕೆಯ ಕಂದು ತಾಯಿಯ ಬಾಯಿಂದ ಬಂದದ್ದು, ಆಕೆ ಸ್ವತಃ ನೋಡಿದ್ದಲ್ಲ. ಯಾವುದು ಸರಿ ಎಂದು ತೀರ್ಮಾನಿಸಿ ಹೇಳುವ ಆಸೆ ನನಗೆ ಆ ಹೊತ್ತಿಗೆ ಹೋಗಿಬಿಟ್ಟಿತ್ತು.

ಸಂಜೆಯ ಬಸ್ಸಿಗೆ ಆಕೆಯನ್ನು ಹತ್ತಿಸಿ ಬರುವಾಗ ಅತ್ತೆಯನ್ನು ಒಂದು ಮಾತು ಕೇಳಿದೆ. ಆ ನಡಿಗೆ, ಆ ಬೀಡಿ, ಎಲ್ಲ ಖರೆಯಾಗಿಯೂ ನೆನಪಿತ್ತೇ ಎಂದು. ಅತ್ತೆ ಕೈಯ ಹೊಸ ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡರು.

"ಕೆಲವು ನೆನಪಿತ್ತವ್ವಾ. ಕೆಲವು ಆಕಿ ಮಾರಿ ನೋಡಿದ ಮ್ಯಾಲ ನೆನಪಾತು."

ಅಂದಿನಿಂದ ಆಕೆಯೊಂದಿಗೆ ಫೋನಿನ ಬಳಕೆ ಉಳಿದಿದೆ. ಈದ್ ಹಬ್ಬಕ್ಕೆ ಆಕೆ ಮಾಡುತ್ತಾರೆ, ದೀಪಾವಳಿಗೆ ಅತ್ತೆ ಮಾಡಿಸುತ್ತಾರೆ. ಕೋಟೆ ನೋಡಲು ಬರುವವರೂ ನಿಂತಿಲ್ಲ. ಮೊನ್ನೆ ನಾನು ಕಿಲ್ಲಾದ ಬಾಗಿಲ ಹತ್ತಿರ ಸೊಪ್ಪು ಕೊಳ್ಳುತ್ತಿದ್ದೆ. ಆಟೋದವನೊಬ್ಬ ಲಾತೂರಿನ ಕುಟುಂಬವೊಂದನ್ನು ಇಳಿಸಿ, ಖಂದಕದ ಅಂಚಿಗೆ ನಿಲ್ಲಿಸಿ, ಬೇವಿನ ಗಿಡದ ಕಡೆ ಬೆರಳು ತೋರಿಸಿದ. ರಾಜನ ಕುದುರೆ ಕಟ್ಟುತ್ತಿದ್ದ ಜಾಗ ಅದೇ, ಈ ಊರಿನ ಹಳೆಯ ಹೆಂಗಸರೇ ಹೇಳಿದ್ದಾರೆ ಎಂದ. ನಮ್ಮ ವಿಡಿಯೋದಲ್ಲಿ ವರಾತಿ ಕುದುರೆ ಎಂದು ಸ್ಪಷ್ಟವಾಗಿ ಹೇಳಿದ್ದರು, ಕೆಳಗೆ ಅಕ್ಷರವೂ ಇತ್ತು. ಅದು ಹೇಗೋ ಬಾಯಿಂದ ಬಾಯಿಗೆ ಹೋಗಿ ಮತ್ತೆ ರಾಜನನ್ನು ಹತ್ತಿಸಿಕೊಂಡು ಬಂದಿತ್ತು. ಆ ಕುಟುಂಬದವರು ಗಿಡದ ಫೋಟೋ ತೆಗೆದುಕೊಂಡರು.

ತಿದ್ದಿ ಹೇಳಬೇಕೆಂದು ಬಾಯಿ ತೆರೆದೆ, ಹೇಳಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ತಕ್ಷಣ ನಿಲಂಗಾಕ್ಕೆ ಫೋನು ಹಚ್ಚಿಸಿ, ಸ್ಪೀಕರಿನಲ್ಲಿಟ್ಟು ಎಲ್ಲವನ್ನೂ ವಿವರವಾಗಿ ಹೇಳಿದರು. ಆಚೆ ಕಡೆ ಬಳೆಗಳ ಸದ್ದು ಕೇಳುತ್ತಿತ್ತು, ಅಂಗಡಿಯಲ್ಲಿ ಗಿರಾಕಿ ಇದ್ದರೆಂದು ಕಾಣುತ್ತದೆ. ಪೂರ್ತಿ ಕೇಳಿದ ಮೇಲೆ ಆಕೆ ಕೇಳಿದ್ದು ಒಂದೇ.

"ಕುದುರಿ ಬಣ್ಣ ಏನಂತ ಹೇಳ್ದ, ಆಟೋದವ?"

ಅದನ್ನು ಕೇಳಿಸಿಕೊಳ್ಳಲು ನಾನು ಮರೆತಿದ್ದೆ.